ಬಸ್ ಟೈಮಿನ ಆ್ಯಪ್ ಚೆನ್ನಾಗಿದೆ, ಆದರೆ ಹೆಸರು ಮತ್ತು ಐಕಾನ್ ಬದಲಾಗಲೇಬೇಕು

ಕಾಸರಗೋಡು ಕಡೆಯಲ್ಲಿ ಬಸ್ಸಿಗೆ ಕಾಯುವವರಿಗೆ ತುಂಬಾ ಉಪಯೋಗವಾಗುವ ಒಂದು ಆ್ಯಪ್ ಇದು. ಸಾರಿಗೆ ಸಂಸ್ಥೆ ಮಾಡಿದ್ದಲ್ಲ, ನಮ್ಮ ಕಡೆಯ ಹುಡುಗನೊಬ್ಬ ಮಾಡಿದ್ದು. ಆ್ಯಪ್‌ನ ಪೂರ್ತಿ ಹೆಸರು ಇಲ್ಲಿ ಹಾಕುವುದಿಲ್ಲ, ಅವನಿಗೆ ತೊಂದರೆ ಆಗುವುದು ಬೇಡ.

ಊರುಗಳ ಹೆಸರು ಕನ್ನಡದಲ್ಲಿವೆ. ಉಪ್ಪಳ, ಹೊಸಂಗಡಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲ ನಾವು ಹೇಳುವ ಹಾಗೆಯೇ. ಮಲಯಾಳ ಬೋರ್ಡು ಓದಲು ಬಾರದ ಹಿರಿಯರಿಗೆ ಇದು ದೊಡ್ಡ ಅನುಕೂಲ. ಮಂಗಳೂರು ರೂಟಿನಲ್ಲಿ ಕೇರಳದ ಬಸ್ಸೂ ಓಡುತ್ತದೆ, ಕರ್ನಾಟಕದ ಬಸ್ಸೂ ಓಡುತ್ತದೆ, ಎರಡರ ಟೈಮೂ ಒಂದೇ ಕಡೆ ಸಿಗುತ್ತದೆ. ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಖಾಸಗಿ ಬಸ್ಸುಗಳ ಟೈಮ್ ಇನ್ನೂ ಅರ್ಧಂಬರ್ಧ ಇದೆ, ಅದು ಸರಿಯಾಗಬಹುದು.

ನನಗೆ ಚಿಂತೆ ಇರುವುದು ಬೇರೆ ವಿಷಯದಲ್ಲಿ. ಆ್ಯಪ್‌ನ ಹೆಸರು ಶುರುವಾಗುವುದೇ ಕೆಎಸ್‌ಆರ್‌ಟಿಸಿ ಎಂದು. ಕೇರಳ, ಕರ್ನಾಟಕ ಎರಡೂ ರಾಜ್ಯಗಳ ಸಾರಿಗೆ ಸಂಸ್ಥೆಗಳ ಚಿಕ್ಕ ಹೆಸರು ಅದೇ. ಐಕಾನ್‌ನಲ್ಲಿ ಒಂದು ಕಡೆ ಕೇರಳದ ಆನೆಗಳು, ಇನ್ನೊಂದು ಕಡೆ ಕರ್ನಾಟಕದ ಗಂಡಭೇರುಂಡ. ಈ ಐದು ಅಕ್ಷರಗಳಿಗಾಗಿ ಎರಡು ಸರ್ಕಾರಿ ಸಂಸ್ಥೆಗಳೇ ವರ್ಷಗಟ್ಟಲೆ ಜಗಳವಾಡಿವೆ. ಕರ್ನಾಟಕ 2013ರಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಪಡೆಯಿತು. ನಾವು ಅದಕ್ಕಿಂತ ಮೊದಲೇ, 1965ರಿಂದಲೇ ಬಳಸುತ್ತಿದ್ದೇವೆ ಎಂದು ಕೇರಳ ಅದನ್ನು ಪ್ರಶ್ನಿಸಿತು. ಕೊನೆಗೆ 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ತಳ್ಳಿಹಾಕಿತು. ಇಷ್ಟೆಲ್ಲ ಆದ ಹೆಸರನ್ನು ಒಬ್ಬ ಹುಡುಗ ಸುಮ್ನೆ ತನ್ನ ಆ್ಯಪ್‌ಗೆ ಇಟ್ಟುಕೊಂಡರೆ ಒಂದಲ್ಲ, ಎರಡೂ ಕಡೆಯಿಂದ ನೋಟಿಸ್ ಬರಬಹುದು ಅಲ್ವಾ?

ಹಾಗಂತ ಇಂಥ ಆ್ಯಪ್ ಮಾಡುವುದೇ ತಪ್ಪು ಎಂದಲ್ಲ. ಬಸ್ ಎಷ್ಟು ಗಂಟೆಗೆ ಹೊರಡುತ್ತದೆ ಎನ್ನುವುದು ಯಾರ ಸ್ವತ್ತೂ ಅಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 30ನೇ ಸೆಕ್ಷನ್ ಪ್ರಾಮಾಣಿಕ ಬಳಕೆಗೆ ಜಾಗ ಬಿಟ್ಟಿದೆ. ಇದು ಯಾವ ಸಂಸ್ಥೆಯ ಬಸ್ ಎಂದು ತಿಳಿಸಲು ಪಟ್ಟಿಯೊಳಗೆ ಆ ಹೆಸರು ಬರೆದರೆ ಅದನ್ನು ಸಮರ್ಥಿಸಿಕೊಳ್ಳಬಹುದು. ಅದೇ ಹೆಸರನ್ನು ಆ್ಯಪ್‌ನ ತಲೆಯ ಮೇಲೆ ಇಟ್ಟು, ಲಾಂಛನವನ್ನೂ ಹಾಕಿ, ಕೆಳಗೆ ಜಾಹೀರಾತಿನಿಂದ ದುಡ್ಡು ಬರುವ ಹಾಗೆ ಮಾಡಿದರೆ ಆ ಸಮರ್ಥನೆ ನಿಲ್ಲುವುದು ಕಷ್ಟ. ಜನ ಇದನ್ನು ಸಂಸ್ಥೆಯದ್ದೇ ಎಂದು ತಿಳಿಯುತ್ತಾರಾ ಎನ್ನುವುದೇ ಇಲ್ಲಿ ಮುಖ್ಯ ಪ್ರಶ್ನೆ. ಉತ್ತರ ಇದೇ ಆ್ಯಪ್‌ನ ರಿವ್ಯೂಗಳಲ್ಲಿ ಇದೆ. ಒಬ್ಬರು ರದ್ದಾದ ಟಿಕೆಟ್‌ನ ಹಣ ವಾಪಸ್ ಕೇಳಿದ್ದಾರೆ, ಇನ್ನೊಬ್ಬರು ಕಂಡಕ್ಟರ್ ಚಿಲ್ಲರೆ ಕೊಡಲಿಲ್ಲ ಎಂದು ಬೈದಿದ್ದಾರೆ. ಪಾಪ, ಆ ಹುಡುಗ ಏನು ಮಾಡಬೇಕು?

ವಿವರಣೆಯ ಕೊನೆಯಲ್ಲಿ ಇದು ಅಧಿಕೃತ ಆ್ಯಪ್ ಅಲ್ಲ ಎಂದು ಒಂದು ಸಾಲು ಇದೆ. ಅಷ್ಟು ಕೆಳಗೆ ಹೋಗಿ ಓದುವವರು ಯಾರು? ಜನ ನೋಡುವುದು ಹೆಸರು ಮತ್ತು ಚಿತ್ರ. ಬೇರೆಯವರ ಆ್ಯಪ್ ಎನ್ನುವ ಭಾವನೆ ಬರಿಸುವ ಹೆಸರು, ಐಕಾನ್ ಬೇಡ ಎಂದು ಪ್ಲೇ ಸ್ಟೋರ್‌ನ ನಿಯಮವೂ ಹೇಳುತ್ತದೆ. ಸರ್ಕಾರಿ ಮಾಹಿತಿ ಕೊಡುವ ಆ್ಯಪ್‌ಗಳು ಮಾಹಿತಿಯ ಮೂಲದ ಲಿಂಕ್ ಕೊಟ್ಟು, ತಾವು ಸರ್ಕಾರದವರಲ್ಲ ಎಂದು ಸ್ಪಷ್ಟವಾಗಿ ಬರೆಯಬೇಕು. ದೂರು ಹೋಗಿ ಆ್ಯಪ್ ಒಮ್ಮೆ ಸ್ಟೋರ್‌ನಿಂದ ಹೋದರೆ ಅಷ್ಟು ದಿನ ಸೇರಿಸಿದ ಬಳಕೆದಾರರು, ರೇಟಿಂಗ್ ಎಲ್ಲ ಕೈಬಿಟ್ಟು ಹೋಗಬಹುದು. ನಮಗೂ ಟೈಮ್ ಸಿಗುವುದಿಲ್ಲ.

ಕೋರ್ಟಿಗೆ ಹೆದರಿ ಮುಚ್ಚಬೇಕಾಗಿಲ್ಲ. ಸ್ವಂತದ್ದೊಂದು ಹೆಸರು ಇಡಲಿ, ಬಸ್ಸಿನ ಸಾದಾ ಚಿತ್ರ ಬರೆಸಲಿ. ಬರೀ 'ಕಾಸರಗೋಡು ಬಸ್' ಎಂದರೆ ನಾಳೆ ಇನ್ನೊಬ್ಬ ಅದೇ ಹೆಸರು ಇಟ್ಟಾಗ ಇವನೂ ತಡೆಯಲಾರ, ಹಾಗಾಗಿ ಸ್ವಲ್ಪ ಬೇರೆ ಥರದ್ದೇ ಇರಲಿ. ಅಧಿಕೃತ ಅಲ್ಲ ಎನ್ನುವ ಮಾತು ಆ್ಯಪ್ ತೆರೆದ ಕೂಡಲೇ ಕಾಣಲಿ. ಲಾಂಛನ ಬೇಕೇ ಬೇಕು ಎಂದಿದ್ದರೆ ಸಂಸ್ಥೆಗೆ ಬರೆದು ಅನುಮತಿ ಕೇಳುವುದೊಂದೇ ದಾರಿ.

ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಪ್ಲೇ ಸ್ಟೋರ್‌ನಲ್ಲಿ ಅರ್ಧ ಸ್ಟಾರ್ ಕೊಡಲು ಆಗುವುದಿಲ್ಲ, ಅದಕ್ಕೆ ಐದು ಒತ್ತಿ, ಹೆಸರಿನ ವಿಷಯವನ್ನು ಡೆವಲಪರ್‌ಗೆ ಬೇರೆಯಾಗಿ ಮೇಲ್ ಮಾಡಿದ್ದೇನೆ. ಬಳಸುವವರು ಒಂದು ನೆನಪಿಡಿ: ಇದರಲ್ಲಿ ಟಿಕೆಟ್ ಸಿಗುವುದಿಲ್ಲ. ಬುಕಿಂಗ್, ಹಣ ವಾಪಸ್, ದೂರು ಏನಿದ್ದರೂ ಆಯಾ ಸಂಸ್ಥೆಯ ವೆಬ್‌ಸೈಟಿಗೇ ಹೋಗಿ.