ಜಾರುವ ಲ್ಯೂಟಿಗೆ 160 ರೂಪಾಯಿಯ ನವಾರು ಪಟ್ಟಿ

ಮೊದಲೇ ಹೇಳಿಬಿಡುತ್ತೇನೆ, ಇದು ಯಾವ ದೊಡ್ಡ ಕಂಪನಿಯ ಮಾಲಿನ ರಿವ್ಯೂ ಅಲ್ಲ. ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡಿನ ಹತ್ತಿರ ಕೊಡೆ, ಬ್ಯಾಗು, ಜಿಪ್ಪು ರಿಪೇರಿ ಮಾಡುವ ಒಬ್ಬರು ನನ್ನ ಲ್ಯೂಟಿಗೆ ಹೊಲಿದುಕೊಟ್ಟ ಪಟ್ಟಿಯ ರಿವ್ಯೂ. ಬೆಲೆ 160 ರೂಪಾಯಿ. ಅದಕ್ಕೂ ಮೊದಲು ಎರಡು ಪಟ್ಟಿ, ಒಂದು ರಬ್ಬರ್ ಹಾಸು ಅಂತ ಮೂರೂವರೆ ಸಾವಿರಕ್ಕಿಂತ ಜಾಸ್ತಿ ಕಳಕೊಂಡಿದ್ದೇನೆ. ಆ ಹೊಟ್ಟೆಯುರಿಯೂ ಇದರಲ್ಲಿ ಸ್ವಲ್ಪ ಬರುತ್ತದೆ, ಸಹಿಸಿಕೊಳ್ಳಿ.

ಲ್ಯೂಟ್ ನೋಡದವರಿಗೆ ಎರಡು ಮಾತು. ಒಂದು ದೊಡ್ಡ ಪಪ್ಪಾಯಿಯನ್ನು ಉದ್ದಕ್ಕೆ ಸೀಳಿ, ಸೀಳಿದ ಕಡೆಗೆ ತೆಳ್ಳಗಿನ ಹಲಗೆ ಹೊದಿಸಿ ತಂತಿ ಕಟ್ಟಿದರೆ ಹೇಗಿರುತ್ತದೋ ಹಾಗಿರುತ್ತದೆ. ಬಿರಡೆಗಳಿರುವ ತಲೆ ಹಿಂದಕ್ಕೆ ಮಡಚಿದ ಹಾಗೆ ಬಾಗಿರುತ್ತದೆ. ಅರಬರ ಔದ್ ವಾದ್ಯವೇ ಇದರ ಮೂಲ, ಲ್ಯೂಟ್ ಎನ್ನುವ ಹೆಸರು ಬಂದದ್ದೂ 'ಅಲ್ ಊದ್'ನಿಂದಲೇ. 16, 17ನೇ ಶತಮಾನದ ಯುರೋಪಿನಲ್ಲಿ ಇದರದ್ದೇ ದರ್ಬಾರು. ನನ್ನದು ಏಳು ಕೋರ್ಸಿನದ್ದು (ಕೋರ್ಸ್ ಅಂದರೆ ಹೆಚ್ಚಾಗಿ ಒಟ್ಟಿಗೇ ಮೀಟುವ ಜೋಡಿ ತಂತಿ), ತಂತಿಯ ಉದ್ದ 60 ಸೆಂಟಿಮೀಟರ್. ಬೆಂಗಳೂರಿನ ಗೆಳೆಯನೊಬ್ಬ ಊರು ಬಿಡುವಾಗ ಅರ್ಧ ಬೆಲೆಗೆ ಕೊಟ್ಟ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ, ಒಂದು ಕಿಲೋ ಕೂಡ ಇಲ್ಲ! ಗಿಟಾರ್ ಹಿಡಿದು ಅಭ್ಯಾಸ ಆದವರಿಗೆ ಇದು ಖಾಲಿ ಡಬ್ಬದ ಹಾಗೆ ಅನ್ನಿಸುತ್ತದೆ.

ಭಾರ ಇಲ್ಲ, ಹಾಗಾದರೆ ಪಟ್ಟಿ ಯಾಕೆ ಅಂತ ಕೇಳಬಹುದು. ತೊಂದರೆ ಇರುವುದು ಬೆನ್ನಲ್ಲಿ. ಗಿಟಾರಿಗೆ ಒಂದು ಸೊಂಟ ಉಂಟು, ತೊಡೆ ಅದರಲ್ಲಿ ಸರಿಯಾಗಿ ಕೂರುತ್ತದೆ. ವೀಣೆಯ ಕೊಡ ನೆಲದ ಮೇಲೆ ಕೂರುತ್ತದೆ, ಸೋರೆ ಎಡತೊಡೆಯ ಮೇಲೆ. ಲ್ಯೂಟಿಗೆ ಇದೆರಡೂ ಇಲ್ಲ. ಬೆನ್ನು ದುಂಡಗೆ, ಮೇಲೆ ನುಣುಪು ವಾರ್ನಿಶ್. ಬಲತೊಡೆಯ ಮೇಲೆ ಇಟ್ಟ ಕೂಡಲೇ ಮೆಲ್ಲಗೆ ಜಾರಲು ಶುರು. ಆಗ ನಾವು ಏನು ಮಾಡುತ್ತೇವೆ ಹೇಳಿ? ಎಡಗೈಯಿಂದ ಕುತ್ತಿಗೆಯನ್ನು ಗಟ್ಟಿ ಹಿಡಿಯುತ್ತೇವೆ. ಅಲ್ಲಿಗೆ ಮುಗಿಯಿತು. ಆ ಕೈ ಓಡಾಡಬೇಕಾದ್ದು, ಅದು ಕಂಬ ಹಿಡಿದವರ ಹಾಗೆ ಹಿಡಿದುಕೊಂಡರೆ ಬೆರಳು ಎಲ್ಲಿಂದ ತಿರುಗೀತು? ನಾನು ಆರು ತಿಂಗಳು ಹೀಗೇ ಬಾರಿಸಿದೆ. ಹೆಬ್ಬೆರಳ ಬುಡದಲ್ಲಿ ನೋವು ಶುರುವಾದ ಮೇಲೆ ಬುದ್ಧಿ ಬಂತು. (ಒಂದು ಸಣ್ಣ ಸಂಗತಿ: ಪಾಲಿಯೆಸ್ಟರ್ ಪ್ಯಾಂಟಿಗಿಂತ ಹಳೆಯ ಕಾಟನ್ ಲುಂಗಿಯಲ್ಲಿ ಕೂತರೆ ಜಾರುವುದು ಕಡಿಮೆ. ಮನೆಯಲ್ಲಿ ಸರಿ, ನಾಲ್ಕು ಜನರ ಎದುರು ಹೇಗೆ ಅಂತ ನೀವೇ ಯೋಚಿಸಿ.)

ಮೊದಲು ಮಾಡಿದ ತಪ್ಪು ರಬ್ಬರ್ ಹಾಸು. ಡ್ರಾಯರಿನೊಳಗೆ ಪಾತ್ರೆ ಜಾರದಿರಲಿ ಅಂತ ಹಾಕುವ ಬಲೆಬಲೆಯ ಹಾಸು ಉಂಟಲ್ಲ, ಅದೇ. ಒಂದು ತುಂಡು ಕತ್ತರಿಸಿ ತೊಡೆಯ ಮೇಲೆ ಹಾಕಿಕೊಂಡರೆ ಲ್ಯೂಟ್ ಅಲುಗುವುದೇ ಇಲ್ಲ. ಎರಡು ದಿನ ನಾನೇ ಜಾಣ ಅಂದುಕೊಂಡೆ. ಆಮೇಲೆ ಒಂದು ಮೇ ತಿಂಗಳ ಮಧ್ಯಾಹ್ನ, ಕರೆಂಟಿಲ್ಲ, ಬೆವರು ಸುರಿಯುತ್ತಿದೆ, ಅರ್ಧ ಗಂಟೆ ಬಾರಿಸಿ ಎತ್ತಿದಾಗ ಹಾಸೂ ಲ್ಯೂಟಿನ ಜತೆಗೇ ಎದ್ದು ಬಂತು. ಬಿಡಿಸಿ ನೋಡಿದರೆ ಬೆನ್ನಿನ ವಾರ್ನಿಶ್ ಮೇಲೆ ಚೌಕ ಚೌಕ ಗುರುತು, ಮೀನಿನ ಬಲೆ ಒತ್ತಿದ ಹಾಗೆ. ಬೆರಳಲ್ಲಿ ಮುಟ್ಟಿದರೆ ಅಂಟು. ಆ ಹಾಸನ್ನು ಮೆತ್ತಗೆ ಮಾಡಲು ಸೇರಿಸುವ ರಾಸಾಯನಿಕ ಕೆಲವು ವಾರ್ನಿಶ್‌ಗಳನ್ನೂ ಮೆತ್ತಗೆ ಮಾಡುತ್ತದೆ, ಅದರ ಮೇಲೆ ನಮ್ಮ ಕರಾವಳಿಯ ಸೆಖೆ ಬೇರೆ. ಇವತ್ತಿಗೂ ಬೆಳಕಿಗೆ ಹಿಡಿದರೆ ಆ ಗುರುತು ಕಾಣುತ್ತದೆ. ದಯವಿಟ್ಟು ಮಾಡಬೇಡಿ. ಹಾಸು ಬೇಕೇ ಬೇಕು ಅಂತಿದ್ದರೆ ಕನ್ನಡಕ ಒರೆಸುವಂಥ ಮೆತ್ತನೆ ಚರ್ಮ ಸಾಕು, ಅದೂ ಬಾರಿಸಿ ಆದ ಮೇಲೆ ತೆಗೆದಿಡಬೇಕು.

ಎರಡನೆಯದು ಮಾಮೂಲಿ ಗಿಟಾರ್ ಪಟ್ಟಿ, ನೈಲಾನಿನದ್ದು, ಎರಡು ಇಂಚು ಅಗಲ. ಗಿಟಾರಿಗೆ ಏನೂ ಕೊರತೆ ಇಲ್ಲ. ಲ್ಯೂಟಿಗೆ ಮಾತ್ರ ಎಮ್ಮೆಯ ಹಗ್ಗದಲ್ಲಿ ಬೆಕ್ಕಿನ ಮರಿ ಕಟ್ಟಿದ ಹಾಗೆ. ನನ್ನ ಲ್ಯೂಟಿನ ಬುಡದಲ್ಲಿ ಪಿಟೀಲಿನ ಹಾಗೆ ಮರದ ಒಂದು ಸಣ್ಣ ಗುಂಡಿ ಉಂಟು, ಮಾಡಿದವರೇ ಇಟ್ಟದ್ದು. ಗಿಟಾರ್ ಪಟ್ಟಿಯ ತೂತು ಅದಕ್ಕೆ ದೊಡ್ಡದು, ಎರಡು ಸಲ ಕಳಚಿಕೊಂಡಿತು, ಒಂದು ಸಲ ಮಂಡಿಯಲ್ಲಿ ತಡೆದೆ. ಅದಕ್ಕಿಂತ ಹೆಚ್ಚು ಕಿರಿಕಿರಿ ಕೊಟ್ಟದ್ದು ಉದ್ದ ಹೊಂದಿಸುವ ಕಬ್ಬಿಣದ ಬಕಲ್. ಕೆಳಗಿನ ತಂತಿ ಮೀಟಿದಾಗಲೆಲ್ಲ ಎಲ್ಲೋ 'ಜ್ಯುಂಯ್' ಅಂತ ಶಬ್ದ. ಫ್ರೆಟ್ ಸಡಿಲ ಆಗಿದೆ ಅಂತ ಒಂದು ವಾರ ಗಂಟು ಬಿಚ್ಚಿ ಗಂಟು ಕಟ್ಟಿದೆ (ಲ್ಯೂಟಿನ ಫ್ರೆಟ್ ಅಂದರೆ ಕುತ್ತಿಗೆಗೆ ಸುತ್ತಿ ಗಂಟು ಹಾಕಿದ ದಾರ, ಲೋಹ ಅಲ್ಲ). ಕೊನೆಗೆ ನೋಡಿದರೆ ಬಕಲ್ ಬೆನ್ನಿಗೆ ತಾಗಿ ನಡುಗುತ್ತಿತ್ತು. ಬೆನ್ನಿನ ಮರದ ಪಟ್ಟಿಗಳು ಒಂದೂವರೆ ಮಿಲಿಮೀಟರ್ ಆಸುಪಾಸು ಇರುತ್ತವೆ ಅಷ್ಟೇ, ಇಡೀ ಬುರುಡೆಯೇ ತಮಟೆಯ ಹಾಗೆ ಕೆಲಸ ಮಾಡುತ್ತದೆ. ಏನು ತಾಗಿದರೂ ಹಾಡುತ್ತದೆ.

ಗುಂಡಿ ಇಲ್ಲದ ಲ್ಯೂಟ್ ಇದ್ದವರಿಗೆ ಇಲ್ಲೇ ಒಂದು ಎಚ್ಚರಿಕೆ. ಗಿಟಾರ್ ರಿಪೇರಿ ಮಾಡುವವರ ಹತ್ತಿರ ಕೊಟ್ಟು 'ಇಲ್ಲೊಂದು ಸ್ಕ್ರೂ ಹೊಡೀರಿ' ಅಂತ ಹೇಳಬೇಡಿ. ಗಿಟಾರಿನ ಬುಡದಲ್ಲಿ ಒಳಗೆ ದಪ್ಪ ಮರದ ತುಂಡು ಇರುತ್ತದೆ. ಲ್ಯೂಟಿನಲ್ಲಿ ಹೆಚ್ಚಾಗಿ ತೆಳ್ಳಗಿನ ಒಂದು ಪಟ್ಟಿ ಮಾತ್ರ. ಡ್ರಿಲ್ ಸೀದಾ ಒಳಗೆ ಹೋದರೆ ಸೀಳು ಬೀಳುತ್ತದೆ. ಒಳಗೆ ಏನುಂಟು ಅಂತ ಗೊತ್ತಿದ್ದವರು ಮಾತ್ರ ಕೈ ಹಾಕಬೇಕು.

ಮೂರನೆಯದು ಚರ್ಮದ ಪಟ್ಟಿ. ಆನ್‌ಲೈನಿನಲ್ಲಿ ತರಿಸಿದ್ದು, 2800 ರೂಪಾಯಿ. ಚಂದ ಅಂದರೆ ಚಂದ, ಅದರಲ್ಲಿ ಎರಡು ಮಾತಿಲ್ಲ. ಒಂದು ಇಂಚು ಅಗಲ, ಜೇನಿನ ಬಣ್ಣ, ಬಕಲ್ ಇಲ್ಲ, ಬರೀ ತೂತುಗಳು, ಬುಡದ ಗುಂಡಿಗೆ ಗಟ್ಟಿಯಾಗಿ ಕೂರುತ್ತಿತ್ತು. ಏಪ್ರಿಲ್, ಮೇ ಪೂರ್ತಿ ಖುಷಿಯಲ್ಲಿ ಬಾರಿಸಿದೆ. ಜೂನ್ ಬಂತು. ಉಡುಪಿಯ ಮಳೆ ಗೊತ್ತಲ್ಲ, ವರ್ಷಕ್ಕೆ ಸುಮಾರು 4000 ಮಿಲಿಮೀಟರ್, ಅದರಲ್ಲಿ ಹೆಚ್ಚಿನದ್ದು ಈ ನಾಲ್ಕು ತಿಂಗಳಲ್ಲೇ. ಆಟಿ ತಿಂಗಳಲ್ಲಿ ಒಂದು ವಾರ ಜ್ವರ ಬಂದು ಲ್ಯೂಟ್ ಮುಟ್ಟಲಿಲ್ಲ. ಆಮೇಲೆ ಪೆಟ್ಟಿಗೆ ತೆರೆದರೆ ಹಳೆ ಚಪ್ಪಲಿಯ ವಾಸನೆ. ಪಟ್ಟಿಯ ಮೇಲೆ ಇಡೀ ಬಿಳಿ ಬೂಸ್ಟು, ಅಂಚಿನಲ್ಲಿ ಹಸಿರು. ಅದು ಸಾಲದು ಅಂತ ಬಣ್ಣ ಬಿಟ್ಟು ಪೆಟ್ಟಿಗೆಯ ಒಳಗಿನ ಬಟ್ಟೆಗೂ ಕಲೆ. ಒರೆಸಿದೆ, ಬಿಸಿಲಿಗೆ ಇಡೋಣ ಅಂದರೆ ಬಿಸಿಲೇ ಇಲ್ಲ. ಎಣ್ಣೆ ಹಚ್ಚಿದೆ, ಆಗ ಅದು ನನ್ನ ಅಂಗಿಗೆ ಹತ್ತಿತು. ಮಾರಿದವರಿಗೆ ಮೇಲ್ ಮಾಡಿದರೆ 'ಒಣಗಿದ ಜಾಗದಲ್ಲಿ ಇಡಿ' ಅಂತ ಉತ್ತರ. ಜುಲೈಯಲ್ಲಿ ಉಡುಪಿಯಲ್ಲಿ ಒಣಗಿದ ಜಾಗ ಎಲ್ಲುಂಟು ಮಾರಾಯ್ರೆ?

ಹಾಗೆ ತಲೆಕೆಟ್ಟು ಹೋದದ್ದು ಆ ಬಸ್ ಸ್ಟ್ಯಾಂಡಿನ ಅಂಗಡಿಗೆ. ಅಂಗಡಿ ಅಂದರೆ ಒಂದು ಹೊಲಿಗೆ ಮಿಷನು, ಒಂದು ಸ್ಟೂಲು, ಮೇಲಿಂದ ನೇತಾಡುವ ನೂರು ಕೊಡೆ. ಕೊಡೆ ಕೊಡಲು ಬಂದವರ ನಡುವೆ ನಾನು ಲ್ಯೂಟಿನ ಪೆಟ್ಟಿಗೆ ಹಿಡಿದು ನಿಂತೆ. ಅವರು ಪೆಟ್ಟಿಗೆ ನೋಡಿ 'ಸ್ಯಾಕ್ಸೋಫೋನಿನ ಬೆಲ್ಟಾ?' ಅಂತ ಕೇಳಿದರು. ನಮ್ಮಲ್ಲಿ ಇದು ಸಹಜವೇ. ಸ್ಯಾಕ್ಸೋಫೋನಿನ ಕದ್ರಿ ಗೋಪಾಲನಾಥರ ಕರಾವಳಿ ಇದು, ಮದುವೆ, ನೇಮ ಎಲ್ಲ ಕಡೆ ಸ್ಯಾಕ್ಸೋಫೋನ್, ಮತ್ತೆ ಅದು ಕೊರಳಿಗೆ ಬೆಲ್ಟ್ ಇಲ್ಲದೆ ನಿಲ್ಲುವುದಿಲ್ಲ. ಯಕ್ಷಗಾನದ ಚೆಂಡೆಯ ಪಟ್ಟಿಯೂ ಹೊಲಿದಿದ್ದಾರಂತೆ. ಅಂದರೆ ವಾದ್ಯಕ್ಕೆ ಪಟ್ಟಿ ಅನ್ನುವುದು ಅವರಿಗೆ ಹೊಸ ಮಾತೇ ಅಲ್ಲ. ಲ್ಯೂಟ್ ಹೊರಗೆ ತೆಗೆದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದರು. ಬೆನ್ನಿನ ಮೇಲೆ ಅಂಗೈ ಇಟ್ಟು ಸವರಿ, 'ಇದಕ್ಕೆ ಚರ್ಮ ಬೇಡ, ನೈಲಾನೂ ಬೇಡ, ಎರಡೂ ಜಾರುತ್ತದೆ, ನವಾರು ಹಾಕುವ' ಅಂದರು.

ನವಾರು ಅಂದರೆ ಹಳೆಯ ಮಂಚಕ್ಕೆ ಹೆಣೆಯುತ್ತಿದ್ದ ಹತ್ತಿ ಪಟ್ಟಿ. ಬಣ್ಣ ಹಾಕದ್ದೇ ಬೇಕು ಅಂತ ನಾನು ಹೇಳಿದೆ, ಒಂದು ಸಲ ಸುಟ್ಟುಕೊಂಡಿದ್ದೇನಲ್ಲ. ಒಂದೂವರೆ ಇಂಚಿನದ್ದು ಸಿಕ್ಕಿತು. ಒಂದು ತುದಿಗೆ ಹಳೆ ಬ್ಯಾಗಿನ ಚರ್ಮದ ಸಣ್ಣ ಬಿಲ್ಲೆ ಇಟ್ಟು ಹೊಲಿದರು, ಅದರ ನಡುವೆ ಗುಂಡಿಯ ಅಳತೆಗೆ ತೂತು, ತೂತಿನಿಂದ ಒಂದು ಸಣ್ಣ ಸೀಳು. ಗುಂಡಿಯನ್ನು ಒತ್ತಿ ತೂರಿಸಬೇಕು, ಒಮ್ಮೆ ಒಳಗೆ ಹೋದರೆ ತಾನಾಗಿ ಬರುವುದಿಲ್ಲ. ಇನ್ನೊಂದು ತುದಿಯನ್ನು ಕಿರಿದು ಮಾಡಿ ಬೂಟಿನ ಲೇಸು ಸೇರಿಸಿದರು. ಅದನ್ನು ತಲೆ ಬಾಗುವ ಜಾಗದಲ್ಲಿ, ಬಿರಡೆಗಳಿಗಿಂತ ಕೆಳಗೆ ಕಟ್ಟಬೇಕು. ಬಕಲ್ ಇಲ್ಲ, ಕಬ್ಬಿಣ ಇಲ್ಲ. ಇಪ್ಪತ್ತು ನಿಮಿಷದ ಕೆಲಸ. ಹೊಲಿಗೆ ನೋಡಿದರೆ ಗೊತ್ತಾಗುತ್ತದೆ, ಚೌಕದೊಳಗೆ ಅಡ್ಡ ಗೆರೆ ಹಾಕಿ ಎರಡು ಸಲ ಓಡಿಸಿದ್ದಾರೆ, ಶಾಲೆ ಬ್ಯಾಗಿನ ಕೈ ಹೊಲಿದ ಹಾಗೆ.

ಈಗ ಬಳಸಿದ್ದು ಹೇಗೆ ಅಂತ ಹೇಳುತ್ತೇನೆ, ಯಾಕಂದರೆ ಪಟ್ಟಿಗಿಂತ ಇದೇ ಮುಖ್ಯ. ಮೊದಲು ಎಲ್ಲರ ಹಾಗೆ ಹೆಗಲಿಗೆ ಹಾಕಿದೆ. ಬುಡದಿಂದ ಬೆನ್ನ ಹಿಂದೆ ಬಂದು ಎಡ ಹೆಗಲ ಮೇಲಿಂದ ತಲೆಯ ಕಡೆಗೆ. ಜಾರುವುದು ನಿಂತಿತು, ಎಡಗೈಗೆ ಬಿಡುಗಡೆ. ಆದರೆ ಹೊಟ್ಟೆ ದೊಡ್ಡದಲ್ವಾ, ಲ್ಯೂಟಿನ ಮುಖ ಮೆಲ್ಲಗೆ ಮೇಲಕ್ಕೆ ತಿರುಗುತ್ತದೆ, ಛಾವಣಿ ನೋಡುತ್ತದೆ. ಆಗ ನಾವು ಫ್ರೆಟ್ ನೋಡಲು ಬಗ್ಗುತ್ತೇವೆ, ಬೆನ್ನು ಹೋಗುತ್ತದೆ. ಕೆಲವು ಲ್ಯೂಟ್ ವಾದಕರು ಪಟ್ಟಿಯ ಮೇಲೆ ಕೂರುತ್ತಾರೆ ಅಂತ ಗೊತ್ತಿತ್ತು, ಅದನ್ನೇ ಮಾಡಿದೆ. ಮೇಲಿನ ಲೇಸು ಬಿಚ್ಚಿ, ಬುಡದ ಗುಂಡಿಯಿಂದ ಬಂದ ಪಟ್ಟಿಯನ್ನು ಬಲತೊಡೆಯ ಅಡಿಗೆ ತೂರಿಸಿ ಅದರ ಮೇಲೆ ಕೂತೆ. ಅಷ್ಟೇ. ಲ್ಯೂಟ್ ಒಳಕ್ಕೆ, ಹೊಟ್ಟೆಯ ಕಡೆಗೆ ಎಳೆದುಕೊಂಡು ನಿಂತಿತು. ಬಲಗೈಯ ಭಾರ ಅಂಚಿನ ಮೇಲೆ ಬಿದ್ದಾಗ ಕುತ್ತಿಗೆ ತಾನಾಗಿ ಎತ್ತಿಕೊಳ್ಳುತ್ತದೆ. ಎಡಗೈಯನ್ನು ಪೂರ್ತಿ ತೆಗೆದು ತಲೆ ಕೆರೆದುಕೊಂಡೆ, ಬೀಳಲಿಲ್ಲ. ಎದುರಿಗಿದ್ದ ಚಹಾ ಕುಡಿದೆ, ಆಗಲೂ ಬೀಳಲಿಲ್ಲ.

ಇಲ್ಲೇ ನವಾರು ಗೆದ್ದದ್ದು. ಚರ್ಮದ ಮೇಲೆ ಕೂತರೆ ನುಣುಪು, ಎಳೆದರೆ ಜಾರುತ್ತದೆ. ನೈಲಾನಂತೂ ಕೇಳಲೇ ಬೇಡಿ. ಹತ್ತಿಯ ಒರಟು ನೇಯ್ಗೆ ಬಟ್ಟೆಗೂ ಕುರ್ಚಿಗೂ ಕಚ್ಚಿ ಹಿಡಿಯುತ್ತದೆ. ಸ್ವಲ್ಪ ಬೆವರಿದರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ನಮ್ಮೂರಿನ ಸೆಖೆ ಒಂದು ಕಡೆಯಾದರೂ ಉಪಕಾರಕ್ಕೆ ಬಂತು.

ಇದೆಲ್ಲ ಹೊಸ ತಲೆನೋವೇನೂ ಅಲ್ಲ. ಥಾಮಸ್ ಮೇಸ್ ಅಂತ ಇಂಗ್ಲೆಂಡಿನ ಒಬ್ಬರು 1676ರಲ್ಲೇ ಲ್ಯೂಟನ್ನು ಮೇಜಿನ ಅಂಚಿಗೆ ಒರಗಿಸಿ ಬಾರಿಸಲು ಹೇಳಿದ್ದರು. ನಾನೂ ಊಟದ ಮೇಜಿಗೆ ಒರಗಿಸಿ ನೋಡಿದೆ, ನಿಜಕ್ಕೂ ಅಲುಗುವುದಿಲ್ಲ, ಮತ್ತೆ ಮೇಜೂ ಸ್ವಲ್ಪ ಗುಂಯ್‌ಗುಡುತ್ತದೆ, ಕೇಳಲು ಚಂದವೇ. ಮೇಜನ್ನು ಹೊತ್ತುಕೊಂಡು ತಿರುಗಲು ಆಗುವುದಿಲ್ಲ ಅಷ್ಟೇ. 18ನೇ ಶತಮಾನದ ಕೆಲವು ಲ್ಯೂಟುಗಳ ಬೆನ್ನಿನ ಕಡೆ ಎರಡು ಗುಂಡಿಯ ನಡುವೆ ಒಂದು ದಾರ ಕಟ್ಟಿ, ಅದನ್ನು ಕೋಟಿನ ಗುಂಡಿಗೆ ಸಿಕ್ಕಿಸುತ್ತಿದ್ದರು. ಉಡುಪಿಯಲ್ಲಿ ಕೋಟು ಹಾಕಿಕೊಂಡು ಲ್ಯೂಟ್ ಬಾರಿಸುವ ಧೈರ್ಯ ನನಗಿಲ್ಲ.

ತಕರಾರುಗಳೂ ಉಂಟು. ಮೊದಲ ವಾರದಲ್ಲಿ ಪಟ್ಟಿ ಎರಡು ಬೆರಳಿನಷ್ಟು ಹಿಗ್ಗಿತು. ಒಗೆದರೆ ಕುಗ್ಗಿತು, ಒಣಗಲು ಮೂರು ದಿನ, ಅದೂ ಫ್ಯಾನಿನ ಕೆಳಗೆ. ಅದಕ್ಕೆ ಹೊಲಿಸುವ ಮೊದಲೇ ನವಾರನ್ನು ಒಗೆದು ಒಣಗಿಸಿ ಕೊಡುವುದು ಒಳ್ಳೆಯದು, ನನಗೆ ಆಮೇಲೆ ಹೊಳೆಯಿತು. ಬಿಳಿ ಬಣ್ಣ ಈಗ ಬೂದು. ಲೇಸನ್ನು ಒಂದು ಸಲ ಆತುರದಲ್ಲಿ ಕಟ್ಟುವಾಗ ಬಿರಡೆಯೊಂದಕ್ಕೆ ಸುತ್ತಿಕೊಂಡು, ಬಾರಿಸುವಾಗ ಶ್ರುತಿ ಇಳಿಯುತ್ತಾ ಹೋಯಿತು, ಅದು ನನ್ನದೇ ತಪ್ಪು. ನಿಂತು ಬಾರಿಸುವವರಿಗೆ ಇದು ಆಗುವುದಿಲ್ಲ. ನಿಂತರೆ ಲ್ಯೂಟ್ ಹೊರಗೆ ತೂಗಾಡುತ್ತದೆ, ಅದಕ್ಕೆ ಯಾವ ಪಟ್ಟಿಯೂ ಮದ್ದಲ್ಲ ಅಂತ ನನಗನ್ನಿಸುತ್ತದೆ. ಚಕ್ಕಳಮಕ್ಕಳ ಹಾಕಿ ಕೂತವರಿಗೂ ಅಡಿಯಲ್ಲಿ ತೂರಿಸುವುದು ಕಷ್ಟ, ಕುರ್ಚಿಯೇ ಬೇಕು, ಅದೂ ಕೈ ಇಲ್ಲದ ಕುರ್ಚಿ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಿಡಿತ ಸ್ವಲ್ಪ ಕಡಿಮೆ.

ಬೂಸ್ಟು? ಎರಡು ಮಳೆಗಾಲ ಆಯಿತು, ಎರಡನೆಯದರಲ್ಲಿ ಸಣ್ಣ ಕಪ್ಪು ಚುಕ್ಕಿಗಳು ಬಂದವು, ಬಿಸಿನೀರು ಸೋಪಿನಲ್ಲಿ ತಿಕ್ಕಿದರೆ ಮುಕ್ಕಾಲು ಹೋಯಿತು. 2800 ರೂಪಾಯಿಯ ಚರ್ಮವನ್ನು ಹಾಗೆ ತಿಕ್ಕಲು ಆಗುತ್ತದಾ? ಪೂರ್ತಿ ಹಾಳಾದರೂ ಇನ್ನೊಂದು 160 ಅಷ್ಟೇ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಆ ಹಿಗ್ಗುವುದಕ್ಕೆ. ಹೊಲಿಸುವುದಾದರೆ ವಾದ್ಯವನ್ನೇ ಹಿಡಿದುಕೊಂಡು ಹೋಗಿ, ಬಾಯಲ್ಲಿ ಅಳತೆ ಹೇಳಿದರೆ ಅವರು ಕೇಳುವುದಿಲ್ಲ. ಜೂನ್ ಮೊದಲ ವಾರ ಮಾತ್ರ ಹೋಗಬೇಡಿ, ಇಡೀ ಊರಿನ ಕೊಡೆ ಅವರ ಹತ್ತಿರ ಇರುತ್ತದೆ.