ಕುರ್ಚಿಯಿಂದ ಎದ್ದರೆ ಮಾನಿಟರ್ ಕಪ್ಪು: ನಾಲ್ಕು ತಿಂಗಳು ಕೂತವಳ ವರದಿ

ದೀಪಾವಳಿಗೆ ಮುಂಚೆ 7,800 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಗ್ಯಾಸ್-ಲಿಫ್ಟ್ ಕುರ್ಚಿ, ಅಂದರೆ ಗ್ಯಾಸ್ ತುಂಬಿದ ಕೊಳವೆಯಿಂದ ಎತ್ತರ ಏರಿಳಿಸುವಂಥದ್ದು. ಬೆನ್ನಿಗೆ ಜಾಳಿಗೆ, ಸೀಟಿಗೆ ಪಾಲಿಯೆಸ್ಟರ್ ಬಟ್ಟೆ, ಕೆಳಗೆ ಐದು ಗಾಲಿ. ನಾನು ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಹದಿನಾಲ್ಕು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ, ದಿನಕ್ಕೆ ಎಂಟೊಂಬತ್ತು ತಾಸು ಕೂಡುವವಳು. ಕೂತಷ್ಟು ಹೊತ್ತು ಸೊಂಟ ಆರಾಮ. ತಕರಾರೆಲ್ಲ ಏಳುವಾಗಿನದು.

ಡಿಸೆಂಬರ್‌ನ ಒಣಗಾಳಿಗೆ ತುಟಿ, ಹಿಮ್ಮಡಿ ಒಡೆಯತೊಡಗಿದ ವಾರವೇ ಅದು ಶುರುವಾಯಿತು. ಕುರ್ಚಿಯಿಂದ ಎದ್ದರೆ ಸಾಕು, ಮಾನಿಟರ್ ಕಪ್ಪು. ಎರಡು-ಮೂರು ಸೆಕೆಂಡು ಬಿಟ್ಟು ತಾನೇ ವಾಪಸ್. 20ನೇ ತಾರೀಖು, 3ಬಿ ಎಂಬ ತಿಂಗಳ ಜಿಎಸ್‌ಟಿ ಲೆಕ್ಕಪತ್ರ ತುಂಬುವ ಕಡೇ ದಿನ, ಕುಕ್ಕರ್ ಆರಿಸಲು ಎದ್ದೆ. ಪರದೆಯ ಜೊತೆಗೆ ಯುಎಸ್‌ಬಿ ಹಾರ್ಡ್‌ಡಿಸ್ಕೂ ಕಳಚಿಕೊಂಡು ಬ್ಯಾಕಪ್ ಅರ್ಧಕ್ಕೆ ನಿಂತಿತು.

ರಿಪೇರಿ ಹುಡುಗ ಬಂದ. "ಅಕ್ಕಾರ, ಮಾನಿಟರ್ ಗಟ್ಟಿ ಐತ್ರಿ, ಕರೆಂಟಿಂದ ಏನರ ಇರಬೇಕು" ಅಂದು 300 ರೂಪಾಯಿ ತಗೊಂಡು ಹೋದ. ಅವನು ಇದ್ದ ಅರ್ಧ ತಾಸೂ ನಾನು ನಿಂತೇ ಇದ್ದೆ. ಪರದೆ ಒಮ್ಮೆಯೂ ಹೋಗಲಿಲ್ಲ!

ಗುಟ್ಟು ಬಿಡಿಸಿದವರು ನಮ್ಮ ಅತ್ತೆ. ಪಕ್ಕದ ಕೋಣೆಯಲ್ಲಿ ಮೀಡಿಯಂ ವೇವ್‌ನಲ್ಲಿ ಧಾರವಾಡ ಆಕಾಶವಾಣಿ ಕೇಳುತ್ತಾ ಕೂತವರು, "ನೀ ಎದ್ದಾಗೊಮ್ಮೆ ನನ್ನ ರೇಡಿಯೋ ಚಟ್ ಅಂತದ ನೋಡವಾ. ಮಳಿಗಾಲದಾಗ ಮಿಂಚಿದ್ರ ಅಂತದಲ್ಲ, ಹಂಗ" ಅಂದರು. ಅದೇ ರೇಡಿಯೋ ತಂದು ಮೇಜಿನ ಮೇಲಿಟ್ಟು, ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ, ಹತ್ತು ಸಲ ಕೂತು ಎದ್ದೆ. ಏಳು ಸಲ ಚಟ್ ಅಂದಿತು, ಅದರಲ್ಲಿ ಐದು ಸಲ ಪರದೆ ಕಪ್ಪಾಯಿತು. ಹಳೇ ಕಟ್ಟಿಗೆ ಕುರ್ಚಿ ಎಳೆದುಕೊಂಡು ಮತ್ತೆ ಹತ್ತು ಸಲ: ರೇಡಿಯೋ ಗಪ್‌ಚುಪ್.

ಅತ್ತೆ ಮಿಂಚು ಅಂದದ್ದು ಬರೀ ಹೋಲಿಕೆಯಲ್ಲ. ಬಟ್ಟೆಗೆ ಬಟ್ಟೆ ತಿಕ್ಕಿ ಸ್ಥಿರ ವಿದ್ಯುತ್ತು ಕೂಡಿರುತ್ತದೆ. ಎದ್ದಾಗ ನಮಗೂ ಸೀಟಿಗೂ ಅಂತರ ಬೆಳೆದು ವೋಲ್ಟೇಜ್ ಸಾವಿರಗಟ್ಟಲೆಗೆ ಏರುತ್ತದೆ. ಕುರ್ಚಿಯ ಲೋಹದ ಭಾಗಗಳ ನಡುವೆ ಪ್ಲಾಸ್ಟಿಕ್ಕು, ಗ್ರೀಸು ಇರುವ ಕಡೆ ಆ ವಿದ್ಯುತ್ತು ಕಿಡಿಯಾಗಿ ಜಿಗಿಯುತ್ತದೆ. ಚರ್ಮಕ್ಕೆ ಚುರ್ ಅನ್ನಿಸಲು ಸುಮಾರು 3,000 ವೋಲ್ಟ್ ಬೇಕು, ಅದೂ ಕಿಡಿ ನಮ್ಮ ಮೈಗೇ ತಾಗಿದರೆ. ಇಲ್ಲಿ ಕಿಡಿ ಕುರ್ಚಿಯ ಒಳಗೇ ಹಾರುವುದರಿಂದ ನನಗೆ ಒಂದು ದಿನವೂ ಶಾಕ್ ಹೊಡೆದಿಲ್ಲ. ಆದರೆ ಅಂಥ ಕಿಡಿ ಒಂದು ನ್ಯಾನೋಸೆಕೆಂಡಿನೊಳಗೆ ತುದಿಗೇರುತ್ತದೆ. ಅಷ್ಟು ಚುರುಕಿನ ಏರಿಕೆ ಅಂದರೆ ನೂರಾರು ಮೆಗಾಹರ್ಟ್ಸ್‌ವರೆಗೆ ಹರಡಿದ ರೇಡಿಯೋ ಅಲೆ. ಕುರ್ಚಿಯ ಕಾಲು ಅದನ್ನು ಬಿಡುವ ಏರಿಯಲ್, ಪಕ್ಕದಲ್ಲಿ ಬಿದ್ದಿರುವ, ಕಂಪ್ಯೂಟರಿನ ಚಿತ್ರವನ್ನು ಮಾನಿಟರಿಗೆ ಒಯ್ಯುವ ಎಚ್‌ಡಿಎಂಐ ಕೇಬಲ್ ಹಿಡಿಯುವ ಏರಿಯಲ್. ಸಿಗ್ನಲ್ ಕಲೆಸಿ ಹೋಗಿ, ಮಾನಿಟರ್ ಹೊಸದಾಗಿ ಹೊಂದಿಸಿಕೊಳ್ಳುವವರೆಗೆ ಕತ್ತಲೆ.

ಕುರ್ಚಿ ಕಂಪನಿಯ ಗ್ರಾಹಕ ಸೇವೆಯವರು "ಮಾನಿಟರ್‌ನವರನ್ನು ಕೇಳಿ ಮೇಡಮ್" ಅಂದರು. ಮಾನಿಟರ್‌ನವರು ಕುರ್ಚಿಯ ಹೆಸರು ಕೇಳಿ ನಕ್ಕರು. ನಗುವಂಥದ್ದೇನಿಲ್ಲ, ಇಂಥ ಕಿಡಿಯನ್ನು ಉಪಕರಣ ತಾಳುತ್ತದೆಯೇ ಎಂದು ನೋಡುವ ಐಇಸಿ 61000-4-2 ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಉಪಕರಣಕ್ಕೆ ನೇರ ಕಿಡಿ ಹೊಡೆಯುವುದರ ಜೊತೆಗೆ ಪಕ್ಕದಲ್ಲಿಟ್ಟ ಲೋಹದ ಹಾಳೆಗೂ ಹೊಡೆದು ನೋಡುತ್ತಾರೆ. ಆದರೆ ಕ್ಷಣಕಾಲ ತಪ್ಪಿ ತಾನೇ ಸರಿಹೋಗುವುದನ್ನು ಒಪ್ಪುವ ದರ್ಜೆಯೂ ಅದರಲ್ಲಿದೆ. ಹೀಗಾಗಿ ಮಾನಿಟರ್ ಪಾಸು, ಕುರ್ಚಿಗೆ ಈ ಪರೀಕ್ಷೆಯೇ ಇಲ್ಲ, ನಡುವೆ ಸಿಕ್ಕಿಬಿದ್ದವಳು ನಾನು.

ಕೊನೆಗೆ ನಾನೇ ಮಾಡಿಕೊಂಡ ಉಪಾಯ ಹೇಳುತ್ತೇನೆ. ಇಂಥ ಅಡಚಣೆ ತಡೆಯಲೆಂದು ಕೇಬಲ್ಲಿಗೆ ಕಚ್ಚಿಸುವ ಫೆರೈಟ್ ಎಂಬ ಕಾಂತೀಯ ವಸ್ತುವಿನ ಗುಂಡಿನಿಂದ ನನಗಂತೂ ಹೇಳಿಕೊಳ್ಳುವ ಫರಕು ಕಾಣಲಿಲ್ಲ. ಕುರ್ಚಿ ಕಾಲಿನ ಪಕ್ಕ ಸುರುಳಿ ಬಿದ್ದಿದ್ದ ಮೂರು ಮೀಟರಿನ ತೆಳು ಕೇಬಲ್ ತೆಗೆದು, ಒಳ್ಳೆ ಶೀಲ್ಡ್ (ಅಲೆ ತಡೆಯುವ ಲೋಹದ ಹೊದಿಕೆ) ಇರುವ ಒಂದು ಮೀಟರಿನದನ್ನು ಮೇಜಿನ ಹಿಂದಿನಿಂದ ಎಳೆದೆ. ಹತ್ತರಲ್ಲಿ ಐದು ಸಲ ಹೋಗುತ್ತಿದ್ದ ಪರದೆ ಒಂದಕ್ಕಿಳಿಯಿತು. ಅತ್ತೆ ಹೊಲಿದ ಸಣ್ಣ ಹತ್ತಿ ಕೌದಿಯನ್ನು ಸೀಟಿನ ಮೇಲೆ ಹಾಸಿ ಲಾಡಿಯಿಂದ ಬಿಗಿದ ಮೇಲೆ ಆ ಒಂದೂ ನಿಂತಿತು. ಬಿಗಿಯದಿದ್ದರೆ ಕೌದಿ ಜಾರಿ, ಎದ್ದಾಗ ನಮ್ಮ ಹಿಂದೆಯೇ ಬರುತ್ತದೆ. ಹಾರ್ಡ್‌ಡಿಸ್ಕನ್ನೂ ಮೇಜಿನ ಆಚೆ ತುದಿಗೆ ಸರಿಸಿದ್ದೇನೆ.

ಕರಾವಳಿಯವರು, ಮಲೆನಾಡಿನವರು ಧಾರಾಳವಾಗಿ ಕೊಳ್ಳಿ. ತೇವದ ಗಾಳಿಯಲ್ಲಿ ಈ ವಿದ್ಯುತ್ತು ಕೂಡಿಕೊಳ್ಳುವುದೇ ಕಷ್ಟ. ನಮ್ಮ ಕಡೆಯವರು, ಅದರಲ್ಲೂ ಕಲಬುರಗಿ, ರಾಯಚೂರಿನವರು, ಕೌದಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾನು ಕೊಡುವುದು ಐದಕ್ಕೆ ಮೂರು ನಕ್ಷತ್ರ. ಒಂದನ್ನು ಕಿತ್ತುಕೊಂಡದ್ದು ಈ ಕಿಡಿಗೆ, ಇನ್ನೊಂದನ್ನು ಎಡಗಡೆಯ ಕೈಯಾಸರೆಗೆ. ಅದರ ತಿರುಪು ತಿಂಗಳಿಗೊಮ್ಮೆ ಸಡಿಲಾಗುತ್ತದೆ, ಬಿಗಿಯುವ ಕೀಲಿಯನ್ನು ಡಬ್ಬಿಯಲ್ಲಿ ಇಟ್ಟಿರಲಿಲ್ಲ.