ಕಲಬುರಗಿಯ ಬಿಸಿಲಿಗೆ ಯಾವ ಲಿಲ್ಲಿ? ಕುಂಡವೋ, ಮಡಿಯೋ?

ನರ್ಸರಿಯಲ್ಲಿ ‘ಲಿಲ್ಲಿ ಗಡ್ಡೆ ಕೊಡಿ’ ಎಂದರೆ ಎರಡರಲ್ಲಿ ಒಂದು ಕೈಗೆ ಬರುತ್ತದೆ. ಮೊದಲನೆಯದಕ್ಕೆ ಸಿಪ್ಪೆ ಇರುವುದಿಲ್ಲ. ದಪ್ಪನೆಯ ಬಿಳಿ ಎಸಳುಗಳು ಒತ್ತೊತ್ತಾಗಿ ಕೂಡಿಕೊಂಡಿರುತ್ತವೆ, ಎಳೆದರೆ ಎಸಳು ಕಿತ್ತು ಬರುತ್ತದೆ. ಇದು ನಿಜವಾದ ಲಿಲ್ಲಿ, ಅಂದರೆ ಲಿಲಿಯಂ. ಏಷ್ಯಾಟಿಕ್, ಓರಿಯೆಂಟಲ್ ಎಂಬ ಎರಡು ತಳಿಗುಂಪುಗಳೂ ಇದರಲ್ಲೇ ಬರುತ್ತವೆ. ಎರಡನೆಯದು ಉಳ್ಳಾಗಡ್ಡಿಯ ಹಾಗೆ ಕಂದು ಸಿಪ್ಪೆ ಹೊದ್ದು, ಉದ್ದ ಕುತ್ತಿಗೆ ಬಿಟ್ಟಿರುತ್ತದೆ. ಅದು ಅಮರಿಲ್ಲಿಸ್ ಹೆಸರಿನಲ್ಲಿ ಮಾರುವ ಹಿಪ್ಪಿಯಾಸ್ಟ್ರಮ್. ಲಿಲಿಯಂಗೆ ತಂಪು ಬೇಕು, ಗಡ್ಡೆ ಒಮ್ಮೆಯೂ ಪೂರ್ತಿ ಒಣಗಬಾರದು. ಹಿಪ್ಪಿಯಾಸ್ಟ್ರಮ್‌ಗೆ ವರ್ಷಕ್ಕೊಮ್ಮೆ ಒಣ ವಿಶ್ರಾಂತಿ ಬೇಕು. ಒಂದರ ಆರೈಕೆಯನ್ನು ಇನ್ನೊಂದಕ್ಕೆ ಮಾಡಿದರೆ ಎರಡೂ ಕೆಡುತ್ತವೆ.

ಮೊದಲು ಲಿಲಿಯಂ. ಮಡಿಯಲ್ಲಿ, ಕುಂಡದಲ್ಲಿ ಎರಡೂ ಕಡೆ ಹಾಕಿ ನೋಡಿದರೆ ಕಲಬುರಗಿ, ಯಾದಗಿರಿಯ ಎರೆ ಭೂಮಿಯಲ್ಲಿ ಮಡಿ ಸೋಲುತ್ತದೆ. ಎರೆಮಣ್ಣು ನೀರು ಹಿಡಿದುಕೊಂಡು ಗಾಳಿ ಬಿಡುವುದಿಲ್ಲ. ಸೊರಗಿದ ಗಿಡವನ್ನು ಅಗೆದು ಗಡ್ಡೆಯ ತಳ ಒತ್ತಿ ನೋಡಿ: ಕಂದಾಗಿ ಮೆತ್ತಗಾಗಿರುತ್ತದೆ, ಎಸಳುಗಳು ತಾವಾಗಿಯೇ ಉದುರುತ್ತವೆ. ಅದು ತಳಕೊಳೆ, ಔಷಧ ಹಾಕಿದರೂ ಆ ಗಡ್ಡೆ ಉಳಿಯುವುದಿಲ್ಲ. ನೀರು ಕಡಿಮೆ ಮಾಡಿದರೂ ತೊಂದರೆಯೇ, ಮಣ್ಣು ಬಿರಿದು ಬೇರು ಹರಿಯುತ್ತದೆ. ಬೀದರಿನ ಜಂಬಿಟ್ಟಿಗೆ ನೆಲದ ಕೆಂಪು ಮಣ್ಣಿನಲ್ಲಿ ನೀರು ಬಸಿಯುತ್ತದೆ. ಅಲ್ಲಿ ಒಂದು ಅಡಿ ಎತ್ತರದ ಏರುಮಡಿ ಮಾಡಿ, ಮೇಲೆ ಎರಡು ಇಂಚು ತೊಗರಿ ಹೊಟ್ಟು ಹಾಸಿದರೆ ಮಡಿಯನ್ನೂ ನಂಬಬಹುದು.

ಕುಂಡಕ್ಕೆ ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಎರೆಹುಳು ಗೊಬ್ಬರ ಒಂದು ಪಾಲು, ದಪ್ಪ ಉಸುಕು ಒಂದು ಪಾಲು. 8 ಇಂಚಿನ ಕುಂಡಕ್ಕೆ ಮೂರು ಏಷ್ಯಾಟಿಕ್ ಗಡ್ಡೆ, ಓರಿಯೆಂಟಲ್ ಆದರೆ 10 ಇಂಚಿನ ಕುಂಡಕ್ಕೆ ಮೂರು. ಕುಂಡ ಆಳವಾಗಿರಲಿ. ಗಡ್ಡೆಯ ತಲೆಯ ಮೇಲೆ ಕನಿಷ್ಠ ನಾಲ್ಕು ಇಂಚು ಮಣ್ಣು ಬೀಳಲೇಬೇಕು. ಲಿಲಿಯಂ ಗಡ್ಡೆಯ ಅಡಿಯಲ್ಲಷ್ಟೇ ಅಲ್ಲ, ಗಡ್ಡೆಯ ಮೇಲಿನ ಕಾಂಡದಲ್ಲೂ ಬೇರು ಬಿಡುತ್ತದೆ, ಹೂವಿಗೆ ಆಹಾರ ಬಹುಪಾಲು ಅಲ್ಲಿಂದ. ಮೇಲೆ ನೆಟ್ಟ ಗಿಡ ವಾಲುತ್ತದೆ, ಮೊಗ್ಗೂ ಕಡಿಮೆ. ಗಡ್ಡೆ ಕೊಳ್ಳುವಾಗ ಸುತ್ತಳತೆ ಕೇಳಿ. 14/16 ಎಂದರೆ 14ರಿಂದ 16 ಸೆಂ.ಮೀ. ಗಡ್ಡೆ ದೊಡ್ಡದಾದಷ್ಟೂ ಮೊಗ್ಗು ಹೆಚ್ಚು.

ಏಷ್ಯಾಟಿಕ್, ಓರಿಯೆಂಟಲ್ ಎರಡರಲ್ಲಿ ಕಲಬುರಗಿಗೆ ಏಷ್ಯಾಟಿಕ್ ಎಂದೇ ಹೇಳಬೇಕು. ಲೆಕ್ಕ ಸರಳ. ದೀಪಾವಳಿ ಮುಗಿದು ನವೆಂಬರಿನ ರಾತ್ರಿ ತಂಪಾದ ಮೇಲೆ ನೆಟ್ಟರೆ ಏಷ್ಯಾಟಿಕ್ 60ರಿಂದ 90 ದಿನದಲ್ಲಿ, ಸಂಕ್ರಾಂತಿಯ ಆಚೀಚೆ ಹೂ ಬಿಡುತ್ತದೆ. ಓರಿಯೆಂಟಲ್‌ಗೆ 90ರಿಂದ 120 ದಿನ ಬೇಕು. ಅಷ್ಟರಲ್ಲಿ ಹೋಳಿ ಹೊತ್ತಿನ ಶರಣಬಸವೇಶ್ವರ ಜಾತ್ರೆ ಹತ್ತಿರವಾಗಿ ಬಿಸಿಲು ಏರಿರುತ್ತದೆ, ಗಿಡ ಗಿಡ್ಡವಾಗಿ ಮೊಗ್ಗು ಬಾಡುತ್ತದೆ. ಆದರೆ ಪರಿಮಳ ಇರುವುದು ಓರಿಯೆಂಟಲ್‌ನಲ್ಲೇ, ಏಷ್ಯಾಟಿಕ್‌ಗೆ ಬಣ್ಣ ಉಂಟು, ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಪರಿಮಳ ಬೇಕೇ ಬೇಕು ಎನ್ನುವವರು ಅಕ್ಟೋಬರ್ ನಡುವಿನಲ್ಲೇ ನೆಟ್ಟು, ಬೇರು ಹಿಡಿಯುವ ಮೊದಲ ಮೂರು ವಾರ ಕುಂಡವನ್ನು ಮನೆಯ ಅತಿ ತಂಪಾದ ಕೋಣೆಯಲ್ಲಿಡಿ. ಮೊಳಕೆ ಕಂಡ ಕೂಡಲೇ ಬೆಳಕಿಗೆ ತನ್ನಿ.

ಬೆಳಕಿನ ವಿಷಯಕ್ಕೇ ಒಳಾಂಗಣದ ಲಿಲ್ಲಿ ಹೆಚ್ಚು ಕೆಡುವುದು. ಮನೆಯ ಹಾಲ್‌ನ ಮೂಲೆಯಲ್ಲಿಟ್ಟ ಏಷ್ಯಾಟಿಕ್‌ನ ಮೊಗ್ಗು ಒಂದು ಸೆಂಟಿಮೀಟರ್ ಬೆಳೆದು, ಬುಡದಲ್ಲಿ ತಿಳಿಹಳದಿಯಾಗಿ, ಮುಟ್ಟಿದರೆ ಉದುರುತ್ತದೆ. ರೋಗವೆಂದು ಔಷಧ ಹೊಡೆಯಬೇಡಿ, ಅದು ಬೆಳಕಿನ ಕೊರತೆ. ಪೂರ್ವದ ಕಿಟಕಿ ಅಥವಾ ಬೆಳಗಿನ ಬಿಸಿಲು ಬೀಳುವ ಪಡಸಾಲೆಯಲ್ಲಿ ಬೆಳೆಸಿ, ಮೊದಲ ಮೊಗ್ಗು ಬಣ್ಣ ತೋರಿದ ಮೇಲೆ ಒಳಗೆ ತನ್ನಿ. ಮಾಳಿಗೆಯ ಮೇಲೆ ಇಡುವುದಾದರೆ ಶಹಾಬಾದ್ ಫರಸಿಯ ಮೇಲೆ ನೇರ ಇಡದೆ ಇಟ್ಟಿಗೆ ಕೊಟ್ಟು ಎತ್ತರಿಸಿ. ಕಾದ ಕಲ್ಲು ಕುಂಡದ ತಳವನ್ನು ಬೇಯಿಸುತ್ತದೆ. ಹಣ್ಣಾಗುತ್ತಿರುವ ಬಾಳೆಗೊನೆಯ ಹತ್ತಿರವೂ ಬೇಡ, ಅದರಿಂದ ಹೊರಡುವ ಎಥಿಲಿನ್ ಅನಿಲಕ್ಕೆ ಮೊಗ್ಗು ಉದುರುತ್ತದೆ.

ನಮ್ಮ ಕಡೆಯ ಬೋರ್ ನೀರು ಗಡಸು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಮೊಗ್ಗು ಬರುವ ಮುನ್ನ ಸಂಜೆ ಎಲೆಗೆ ಸಿಂಪಡಿಸಿ. ಆರ್‌ಒ ಯಂತ್ರದ ಹೊರಬಿಡುವ ನೀರು ಬೋರಿನದಕ್ಕಿಂತ ಉಪ್ಪು, ಅದನ್ನು ಹಾಕಲೇಬೇಡಿ.

ಮರುವರ್ಷಕ್ಕೆ ಗಡ್ಡೆ ಉಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಎಲೆ ತಾನಾಗಿ ಹಳದಿಯಾಗುವವರೆಗೆ ಗಿಡ ಕತ್ತರಿಸದೆ ಬಿಟ್ಟು, ಗಡ್ಡೆ ತೆಗೆದು ತೇವದ ಕೋಕೋಪೀಟಿನಲ್ಲಿ ಸುತ್ತಿ, ತೂತು ಮಾಡಿದ ಚೀಲದಲ್ಲಿ ಫ್ರಿಜ್ಜಿನ ತರಕಾರಿ ಡಬ್ಬದಲ್ಲಿಡಬೇಕು. ನೆಡುವ ಮುನ್ನ ಕನಿಷ್ಠ 6ರಿಂದ 8 ವಾರ 2ರಿಂದ 5 ಡಿಗ್ರಿ ತಂಪು ಸಿಗದಿದ್ದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಅಷ್ಟು ಮಾಡಿದರೂ ಎರಡನೇ ವರ್ಷ ಒಂದೆರಡೇ ಹೂ.

ವರ್ಷವರ್ಷವೂ ನೆಲದಲ್ಲೇ ಹೂ ಬೇಕೆಂದರೆ ಹಿಪ್ಪಿಯಾಸ್ಟ್ರಮ್. ಎರೆಮಣ್ಣಿಗೆ ಉಸುಕು, ತಿಪ್ಪೆಗೊಬ್ಬರ ಬೆರೆಸಿದ ಏರುಮಡಿ ಸಾಕು. ಇಲ್ಲಿ ನೆಡುವ ರೀತಿ ಪೂರ್ತಿ ಉಲ್ಟಾ: ಗಡ್ಡೆಯ ಕುತ್ತಿಗೆ ಮತ್ತು ಮೇಲಿನ ಮೂರನೇ ಒಂದು ಭಾಗ ಮಣ್ಣಿನ ಮೇಲೇ ಇರಬೇಕು, ಪೂರ್ತಿ ಹೂಳಿದರೆ ಕುತ್ತಿಗೆ ಕೊಳೆಯುತ್ತದೆ. ನವೆಂಬರಿನಿಂದ ಜನವರಿವರೆಗೆ ನೀರು ನಿಲ್ಲಿಸಿ, ಫೆಬ್ರವರಿಯಲ್ಲಿ ಒಮ್ಮೆ ಚೆನ್ನಾಗಿ ಹಾಯಿಸಿ. ಹೂದಂಡು ಎಲೆಗಿಂತ ಮೊದಲೇ ಬರಬಹುದು. ಮಳೆ ಲಿಲ್ಲಿಗೆ ಇಷ್ಟೂ ಬೇಡ, ಎರಡು ಇಂಚು ಆಳ ನೆಟ್ಟರೆ ಮೊದಲ ಒಳ್ಳೆ ಮಳೆಯಾದ ಕೆಲವೇ ದಿನಗಳಲ್ಲಿ ಮಡಿಯ ಅಂಚೆಲ್ಲ ಗುಲಾಬಿ ಬಣ್ಣವಾಗುತ್ತದೆ.

ಮಳೆಗಾಲದಲ್ಲಿ ಈ ಗಿಡಗಳ ದೊಡ್ಡ ಶತ್ರು: ಕಪ್ಪು ಮೈ, ಬಿಳಿ ಚುಕ್ಕೆ, ನಡುವೆ ಕಿತ್ತಳೆ ಮಚ್ಚೆಯ ಲಿಲ್ಲಿ ಹುಳು. ಎಲೆಯಿಂದ ಗಡ್ಡೆಯ ಕುತ್ತಿಗೆವರೆಗೂ ಕೊರೆಯುತ್ತದೆ. ಬೆಳಿಗ್ಗೆ ಎಲೆಯ ಅಡಿ ನೋಡಿ, ಕೈಯಿಂದ ಆರಿಸಿ ಸಾಬೂನು ನೀರಿಗೆ ಹಾಕುವುದು ಎಲ್ಲ ಸಿಂಪಡಣೆಗಿಂತ ಖಚಿತ.

ಮನೆಯಲ್ಲಿ ಬೆಕ್ಕಿದ್ದರೆ ಲಿಲಿಯಂ ಒಳಗೆ ತರಲೇಬೇಡಿ. ಮೈಗೆ ಅಂಟಿದ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಟ್ಟು ಜೀವ ಹೋಗಬಹುದು. ಕೇಸರ ಕತ್ತರಿಸಿದರೆ ಗೋಡೆ, ಬಟ್ಟೆಗೆ ಕಲೆ ಆಗುವುದಿಲ್ಲ ಅಷ್ಟೇ. ಎಲೆ, ದಳ, ಹೂದಾನಿಯ ನೀರು ಎಲ್ಲವೂ ಬೆಕ್ಕಿಗೆ ವಿಷವೇ.